ಕಕಾರದ ಸಾಕ್ಷ್ಯ: ಬ್ರಿಥೆನಿಗ್ ಎಂಬ ಕಲ್ಪಿತ ರೋಮಾನ್ಸ್ ಭಾಷೆಯ ಧ್ವನಿವ್ಯವಸ್ಥೆ

ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೈನ್ಯವು ಬ್ರಿಟನ್ ದ್ವೀಪದಲ್ಲಿ ಇಳಿಯಿತು. ಅಂದಿನಿಂದ ಐದನೆಯ ಶತಮಾನದ ಆರಂಭದವರೆಗೆ, ಅಂದರೆ ಸುಮಾರು ಮೂರೂವರೆ ಶತಮಾನಗಳ ಕಾಲ, ಆ ದ್ವೀಪದ ಬಹುಭಾಗ ರೋಮನ್ ಆಳ್ವಿಕೆಯಲ್ಲಿತ್ತು. ಇದೇ ಬಗೆಯ ಆಳ್ವಿಕೆಗೆ ಒಳಗಾದ ಗಾಲ್ ಪ್ರಾಂತದಲ್ಲಿ ಲ್ಯಾಟಿನ್ ಭಾಷೆಯು ಫ್ರೆಂಚ್ ಆಗಿ ಬೆಳೆಯಿತು; ಐಬೀರಿಯದಲ್ಲಿ ಸ್ಪ್ಯಾನಿಷ್, ಪೋರ್ಚುಗೀಸ್, ಕತಲಾನ್ ಭಾಷೆಗಳಾಗಿ ಕವಲೊಡೆಯಿತು; ಡಾನ್ಯೂಬ್ ನದಿಯ ಆಚೆ ರೊಮೇನಿಯನ್ ಆಯಿತು. ಬ್ರಿಟನ್ನಿನಲ್ಲಿ ಮಾತ್ರ ಅದು ಮಕ್ಕಳನ್ನು ಬಿಡದೆ ಅಳಿಯಿತು. ಪೂರ್ವದ ತಗ್ಗುನಾಡಿನಲ್ಲಿ ಆಂಗ್ಲೋ-ಸ್ಯಾಕ್ಸನರ ಭಾಷೆ ನೆಲೆಯೂರಿತು. ಪಶ್ಚಿಮದ ಗುಡ್ಡನಾಡಿನಲ್ಲಿ ಕೆಲ್ಟಿಕ್ ಭಾಷೆ ಉಳಿದು, ಮುಂದೆ ವೆಲ್ಶ್ ಎನಿಸಿತು.

ಅಳಿದ ಆ ಲ್ಯಾಟಿನ್ ಉಳಿದಿದ್ದರೆ ಇಂದು ಹೇಗೆ ಕೇಳಿಸುತ್ತಿತ್ತು? ಈ ಪ್ರಶ್ನೆಗೆ ಉತ್ತರವಾಗಿ 1996ರಲ್ಲಿ ನ್ಯೂಜಿಲೆಂಡಿನ ಆಂಡ್ರೂ ಸ್ಮಿತ್ ಒಂದು ಭಾಷೆಯನ್ನೇ ಕಟ್ಟಿದರು. ಅದರ ಹೆಸರು ಬ್ರಿಥೆನಿಗ್. ಯಾವ ತಾಯಿಯೂ ಮಗುವಿಗೆ ಆಡದ ಈ ಭಾಷೆಯ ಧ್ವನಿವ್ಯವಸ್ಥೆಯು ಭಾಷಾಚರಿತ್ರೆಯ ವಿದ್ಯಾರ್ಥಿಗಳಿಗೆ ಒಂದು ಅಪರೂಪದ ಪ್ರಯೋಗವಾಗಿ ಒದಗುತ್ತದೆ. ಧ್ವನಿನಿಯಮಗಳಿಂದ ಒಂದು ಭಾಷೆಯನ್ನು ಎಲ್ಲಿಯವರೆಗೆ ಕಟ್ಟಬಹುದು, ಎಲ್ಲಿ ಆ ನಿಯಮಗಳು ಕೈಬಿಡುತ್ತವೆ ಎಂಬುದನ್ನು ಅದು ತೋರಿಸಿಕೊಡುತ್ತದೆ.

(ಲ್ಯಾಟಿನ್, ವೆಲ್ಶ್ ಮೊದಲಾದ ಪದಗಳನ್ನು ಇಲ್ಲಿ ಉಚ್ಚಾರಣೆಗೆ ಹತ್ತಿರವಾಗುವಂತೆ ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ವೆಲ್ಶ್ ಮತ್ತು ಬ್ರಿಥೆನಿಗ್ ಪದಗಳಲ್ಲಿ ಥ, ಧ, ಫ, ಖ ಅಕ್ಷರಗಳು ಮಹಾಪ್ರಾಣಗಳನ್ನಲ್ಲ, ಘರ್ಷ ಧ್ವನಿಗಳನ್ನು ಸೂಚಿಸುತ್ತವೆ. 'ಲ್ಹ' ಎಂಬುದು ಲಕಾರದ ಸ್ಥಾನದಲ್ಲಿ ನಾಲಗೆಯನ್ನಿಟ್ಟು ನಾದವಿಲ್ಲದೆ ಉಸಿರನ್ನು ಬದಿಗಳಿಂದ ಬಿಡುವ ಧ್ವನಿ.)

ದ್ವೀಪದ ಲ್ಯಾಟಿನ್

ಬ್ರಿಟನ್ನಿನಲ್ಲಿ ಲ್ಯಾಟಿನ್ ಕೇವಲ ಆಡಳಿತದ ಭಾಷೆಯಾಗಿರಲಿಲ್ಲ ಎಂಬುದಕ್ಕೆ ನೆಲದಡಿಯ ಸಾಕ್ಷ್ಯಗಳಿವೆ. ಉತ್ತರದ ಗಡಿಯ ವಿಂಡೊಲಾಂಡ ಕೋಟೆಯ ನೆಲೆಯಲ್ಲಿ 1973ರಿಂದ ದೊರೆಯತೊಡಗಿದ ತೆಳುವಾದ ಮರದ ಹಲಗೆಗಳ ಮೇಲೆ ಸೈನಿಕರ ಪತ್ರಗಳು, ಲೆಕ್ಕಗಳು, ಆಹ್ವಾನಗಳು ಶಾಯಿಯಲ್ಲಿ ಬರೆದಂತೆಯೇ ಉಳಿದಿವೆ. ಬಾತ್ ಪಟ್ಟಣದ ಬಿಸಿನೀರಿನ ಬುಗ್ಗೆಯಿಂದ ಸುಮಾರು 130 ಶಾಪಪತ್ರಗಳು ಮೇಲೆ ಬಂದವು. ಬಟ್ಟೆಯನ್ನೋ ಹಣವನ್ನೋ ಕಳೆದುಕೊಂಡವರು ಕಳ್ಳನಿಗೆ ಶಿಕ್ಷೆಯಾಗಲೆಂದು ಸುಲಿಸ್ ದೇವತೆಗೆ ಬರೆದು ನೀರಿಗೆ ಎಸೆದ ಲೋಹದ ತಗಡುಗಳಿವು. ಇವುಗಳಲ್ಲಿನ ಕಾಗುಣಿತದ ತಪ್ಪುಗಳು ಭಾಷಾಶಾಸ್ತ್ರಜ್ಞನಿಗೆ ಶುದ್ಧ ಬರೆಹಕ್ಕಿಂತ ಹೆಚ್ಚು ಬೆಲೆಯುಳ್ಳವು. ಬರೆಯುವವನು ಎಡವಿದೆಡೆಯಲ್ಲಿಯೇ ಆಡುವವನ ನಾಲಗೆ ಗೋಚರಿಸುತ್ತದೆ.

ಆರನೆಯ ಶತಮಾನದ ಪಾದ್ರಿ ಗಿಲ್ಡಾಸ್ ಸ್ಯಾಕ್ಸನರ ಹಡಗುಗಳಿಗೆ ಅವರ ಭಾಷೆಯ ಹೆಸರನ್ನು ಹೇಳಿ, ಅದಕ್ಕೆ ಸಂವಾದಿಯಾದ ಲ್ಯಾಟಿನ್ ಪದವನ್ನು 'ನಮ್ಮ' ಭಾಷೆಯದೆಂದು ಕೊಡುತ್ತಾನೆ. ರೋಮ್ ಹಿಂದೆ ಸರಿದು ಒಂದು ಶತಮಾನ ಕಳೆದ ಮೇಲೂ ಈ ದ್ವೀಪದ ಒಬ್ಬ ವಿದ್ಯಾವಂತನಿಗೆ ಲ್ಯಾಟಿನ್ ತನ್ನದೇ ಭಾಷೆಯಾಗಿತ್ತು. ಆ ಲ್ಯಾಟಿನ್ ಎಂಥದು ಎಂಬ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆನೆತ್ ಜಾಕ್ಸನ್ 1953ರ ತಮ್ಮ ಮಹಾಗ್ರಂಥದಲ್ಲಿ ಅದು ಶಾಲೆಯ ಶಿಸ್ತಿಗೆ ಬದ್ಧವಾದ, ಹಳೆಯ ಉಚ್ಚಾರಣೆಯನ್ನು ಕಾಯ್ದುಕೊಂಡ ಭಾಷೆಯೆಂದು ವಾದಿಸಿದರು. ಮುಂದಿನ ತಲೆಮಾರಿನವರು ಇದನ್ನು ಪ್ರಶ್ನಿಸಿ, ಅದು ಯುರೋಪಿನ ಇತರ ಪ್ರಾಂತಗಳ ಆಡುಮಾತಿನ ಲ್ಯಾಟಿನ್ನಿಗಿಂತ ಬಹಳ ಭಿನ್ನವಾಗಿರಲಿಲ್ಲ ಎಂದರು.

ವೆಲ್ಶ್‌ನೊಳಗೆ ಉಳಿದದ್ದು

ಈ ಚರ್ಚೆಯಲ್ಲಿ ಎಲ್ಲರೂ ಮೊರೆಹೋಗುವ ಭಂಡಾರವೊಂದಿದೆ. ವೆಲ್ಶ್ ಭಾಷೆಯು ರೋಮನ್ ಕಾಲದಲ್ಲಿ ನೂರಾರು ಲ್ಯಾಟಿನ್ ಪದಗಳನ್ನು ಎರವಲಾಗಿ ಪಡೆಯಿತು. ಆ ಪದಗಳು ವೆಲ್ಶ್‌ನ ಸ್ವಂತ ಪದಗಳೊಡನೆಯೇ ಬದಲಾವಣೆಗೆ ಒಳಗಾದವು. ಆದುದರಿಂದ ಅವುಗಳಲ್ಲಿ ಧ್ವನಿ ಪರಿವರ್ತನೆಯ ನಿಯಮಗಳನ್ನು ಸ್ಪಷ್ಟವಾಗಿ ಓದಬಹುದು.

ಮೊದಲನೆಯದಾಗಿ, ಎರಡು ಸ್ವರಗಳ ನಡುವಣ ಕ, ತ, ಪಗಳು ಗ, ದ, ಬಗಳಾದವು. ಸರಪಳಿ ಎಂಬರ್ಥದ 'ಕತೇನ' ವೆಲ್ಶ್‌ನಲ್ಲಿ 'ಕದುಯ್ನ್' ಆಯಿತು. ಅದೇ ಸ್ಥಾನದ ದಕಾರವು ಘರ್ಷ ಧ್ವನಿಯಾಯಿತು: ವೈದ್ಯ ಎಂಬರ್ಥದ 'ಮೆದಿಕುಸ್' ಪದವು 'ಮೆಧಿಗ್' ಆಯಿತು. ಎರಡನೆಯದಾಗಿ, ದ್ವಿತ್ವ ವ್ಯಂಜನಗಳು ಅಘೋಷ ಘರ್ಷಗಳಾದವು: ಪಾಪ ಎಂಬರ್ಥದ 'ಪೆಕ್ಕಾತುಮ್' ಇಂದು 'ಪೆಖೊದ್', ಬಾಣ ಎಂಬರ್ಥದ 'ಸಗಿತ್ತ' ಇಂದು 'ಸಾಯ್ಥ್'. ಮೂರನೆಯದಾಗಿ, 'ಕ್ತ' ಎಂಬ ಒತ್ತಕ್ಷರದಲ್ಲಿ ಕಕಾರವು ಕರಗಿ ಯಕಾರದಂತಾಯಿತು: ಹಾಲು ಎಂಬರ್ಥದ 'ಲಕ್ತೆಮ್' ಪದವು 'ಲ್ಹಾಯ್ಥ್' ಆಯಿತು. ಪದಾದಿಯ ಲಕಾರವು 'ಲ್ಹ' ಆದುದಕ್ಕೂ ಇದೇ ಪದ ನಿದರ್ಶನ. ನಾಲ್ಕನೆಯದಾಗಿ, ಪದಾದಿಯ ವಕಾರದ ಮುಂದೆ ಗಕಾರ ಸೇರಿತು: ದ್ರಾಕ್ಷಾರಸ ಎಂಬರ್ಥದ 'ವೀನುಮ್' ಇಂದು 'ಗ್ವೀನ್'. ಐದನೆಯದಾಗಿ, ಸಕಾರದ ಒತ್ತಕ್ಷರದಿಂದ ಆರಂಭವಾಗುವ ಪದಗಳು ಮುಂದೊಂದು ಸ್ವರವನ್ನು ಪಡೆದವು: 'ಸ್ಕೊಲ' ಪದವು 'ಅಸ್ಗೊಲ್' ಆಯಿತು. 'ಸ್ಕೂಲ್' ಪದವನ್ನು 'ಇಸ್ಕೂಲು' ಎಂದು ಒಗ್ಗಿಸಿಕೊಂಡ ಕನ್ನಡಿಗರಿಗೆ ಈ ಪ್ರವೃತ್ತಿಯನ್ನು ವಿವರಿಸಬೇಕಾಗಿಲ್ಲ. ಇವೆಲ್ಲಕ್ಕೂ ಮೇಲೆ, ಪದಾಂತ್ಯದ ಅಕ್ಷರಗಳು ಸವೆದುಹೋಗಿ ಲ್ಯಾಟಿನ್ನಿನ ವಿಭಕ್ತಿ ಪ್ರತ್ಯಯಗಳ ಗುರುತೇ ಉಳಿಯಲಿಲ್ಲ.

ವೆಲ್ಶ್‌ನ ಇನ್ನೊಂದು ಲಕ್ಷಣವೂ ಕನ್ನಡ ವ್ಯಾಕರಣವನ್ನು ಬಲ್ಲವರಿಗೆ ಪರಿಚಿತವಾದದ್ದೇ. ಮಳೆ ಮತ್ತು ಕಾಲ ಸೇರಿ ಮಳೆಗಾಲ, ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ ಆಗುವುದನ್ನು ಆದೇಶಸಂಧಿ ಎನ್ನುತ್ತೇವೆ. ವೆಲ್ಶ್‌ನಲ್ಲಿ ಈ ಬಗೆಯ ಆದೇಶವು ಸಮಾಸಕ್ಕೆ ಸೀಮಿತವಾಗದೆ ವಾಕ್ಯದೊಳಗಿನ ಬಿಡಿಪದಗಳ ನಡುವೆಯೂ ನಡೆಯುತ್ತದೆ. ಲ್ಯಾಟಿನ್ನಿನಿಂದ ಬಂದ 'ಪೊಂತ್' ಎಂದರೆ ಸೇತುವೆ. ಅದರ ಹಿಂದೆ ನಿರ್ದೇಶಕ ಪದ ಬಂದಾಗ ಅದು 'ಅ ಬೊಂತ್' ಆಗುತ್ತದೆ. ಹಿಂದೊಮ್ಮೆ ಸ್ತ್ರೀಲಿಂಗದ ನಿರ್ದೇಶಕ ಪದವು ಸ್ವರಾಂತವಾಗಿದ್ದುದೇ ಇದಕ್ಕೆ ಕಾರಣ. ಆ ಸ್ವರ ಅಳಿದು ಶತಮಾನಗಳೇ ಕಳೆದಿವೆ. ಆದರೆ ಅದು ಮಾಡಿದ ಬದಲಾವಣೆ ಉಳಿದು, ಈಗ ಲಿಂಗವನ್ನು ತಿಳಿಸುವ ವ್ಯಾಕರಣ ನಿಯಮವಾಗಿದೆ.

ನಿಯಮಗಳಿಂದ ಕಟ್ಟಿದ ಭಾಷೆ

ಲ್ಯಾಟಿನ್ ಮೂಲದಿಂದ ಭಾಷೆ ಕಟ್ಟುವ ಕೆಲಸ ಸ್ಮಿತ್ ಅವರಿಗಿಂತ ಮೊದಲೂ ನಡೆದಿತ್ತು. ಇಟಲಿಯ ಗಣಿತಜ್ಞ ಜುಸೆಪ್ಪೆ ಪೆಯಾನೊ 1903ರಲ್ಲಿ ವಿಭಕ್ತಿಗಳಿಲ್ಲದ ಲ್ಯಾಟಿನ್ ಒಂದನ್ನು ಪ್ರಕಟಿಸಿದ. 1951ರಲ್ಲಿ ಅಮೆರಿಕದಲ್ಲಿ ಇಂಟರ್‌ಲಿಂಗ್ವ ಹೊರಬಂದಿತು. ಇವೆರಡರ ಗುರಿ ಅಂತರರಾಷ್ಟ್ರೀಯ ಬಳಕೆ. ಆದುದರಿಂದ ಅವುಗಳ ಧ್ವನಿವ್ಯವಸ್ಥೆಯಲ್ಲಿ ಯಾವ ಊರಿನ ವಾಸನೆಯೂ ಇರಬಾರದಾಗಿತ್ತು. ಬ್ರಿಥೆನಿಗ್‌ನ ದಾರಿ ಇದಕ್ಕೆ ವಿರುದ್ಧ. ಅದು ಯಾರಿಗೂ ಸುಲಭವಾಗಲೆಂದು ಹುಟ್ಟಿದ್ದಲ್ಲ. ಅದು ಒಂದು ನಿರ್ದಿಷ್ಟ ನೆಲದ ನಾಲಗೆಗೆ ಒಗ್ಗಬೇಕಾಗಿತ್ತು.

ಸ್ಮಿತ್ ಅವರ ವಿಧಾನ ಸರಳವೂ ಕಟ್ಟುನಿಟ್ಟಿನದೂ ಆಗಿದೆ. ವೆಲ್ಶ್ ಭಾಷೆ ಹಾದುಬಂದ ಧ್ವನಿ ಪರಿವರ್ತನೆಗಳನ್ನು ಆಡುಮಾತಿನ ಲ್ಯಾಟಿನ್ ಪದಕೋಶಕ್ಕೆ ಅನ್ವಯಿಸುವುದೇ ಆ ವಿಧಾನ. ತಂದೆ ಎಂಬರ್ಥದ ಪದದಲ್ಲಿ ತಕಾರವು ಮೃದುವಾಗಿ 'ಪದ್ರ್' ಆಯಿತು. ಮಾಡಲ್ಪಟ್ಟದ್ದು ಎಂಬರ್ಥದ 'ಫಕ್ತುಮ್', ವೆಲ್ಶ್‌ನ ಹಾಲಿನ ಪದದ ದಾರಿಯನ್ನೇ ಹಿಡಿದು 'ಫಾಯ್ಥ್' ಆಯಿತು. ಬರಲಿ ಎಂಬ ಕ್ರಿಯಾರೂಪದಲ್ಲಿ ವಕಾರದ ಮುಂದೆ ಗಕಾರ ಸೇರಿ 'ಗ್ವೆಯ್ನ್' ಆಯಿತು. ಲ್ಯಾಟಿನ್ನಿನ 'ಇಲ್ಲ', 'ಇಲ್ಲುಮ್' ಎಂಬ ನಿರ್ದೇಶಕ ಸರ್ವನಾಮಗಳು ಫ್ರೆಂಚ್‌ನಲ್ಲಿ 'ಲ', 'ಲ್' ಆದಂತೆ ಇಲ್ಲಿ 'ಲ್ಹ', 'ಲ್ಹೊ' ಆದವು. ಅವು ಸ್ವರಾಂತವಾದುದರಿಂದ ಮುಂದಿನ ಪದದಲ್ಲಿ ಆದೇಶವಾಗುತ್ತದೆ: ಭೂಮಿ ಎಂಬರ್ಥದ 'ತೆರ್ರ' ಮೂಲದ ಪದವು ನಿರ್ದೇಶಕದೊಡನೆ 'ಲ್ಹ ದೆರ್' ಎನಿಸುತ್ತದೆ.

ಭಾಷೆಯ ಹೆಸರಿನಲ್ಲಿಯೂ ಈ ಚರಿತ್ರೆ ಅಡಗಿದೆ. ವಿಂಡೊಲಾಂಡದ ಹಲಗೆಯೊಂದರಲ್ಲಿ ಒಬ್ಬ ರೋಮನ್ ಸೈನಿಕ ಸ್ಥಳೀಯರನ್ನು 'ಬ್ರಿತ್ತುಂಕುಲಿ' ಎಂದು ಕರೆದಿದ್ದಾನೆ. ಬ್ರಿಟನ್ನರನ್ನು ಕಿರಿದುಮಾಡಿ ಹೀಗಳೆಯುವ ಮಾತದು. ಅದೇ ಜನರ ಹೆಸರು 'ಬ್ರಿತ್ತೋನೆಸ್', ದ್ವಿತ್ವ ತಕಾರವು ಘರ್ಷವಾಗಿ ವೆಲ್ಶ್‌ನಲ್ಲಿ 'ಬ್ರಥೊನ್' ಎಂದು ಉಳಿಯಿತು. ಬ್ರಿಥೆನಿಗ್ ಎಂಬ ಹೆಸರಿನ ಥಕಾರವೂ ಅದೇ ನಿಯಮದ ಫಲ. ಹೀಗೆ ಕಲ್ಪಿತ ಭಾಷೆಯ ಒಂದೊಂದು ಧ್ವನಿಯ ಹಿಂದೆಯೂ ನಿಜವಾದ ಜನರ ನಾಲಗೆಯ ಚರಿತ್ರೆ ಇದೆ. ಸ್ಮಿತ್ ಅವರು ಭಾಷೆಯನ್ನು ಕಲ್ಪಿಸಿದರೇ ಹೊರತು ನಿಯಮಗಳನ್ನು ಕಲ್ಪಿಸಲಿಲ್ಲ. ಇದೇ ಮಾದರಿಯನ್ನು ಹಿಡಿದು ನೆದರ್‌ಲೆಂಡ್ಸಿನ ಯಾನ್ ವಾನ್ ಸ್ಟೇನ್‌ಬರ್ಗನ್ 2002ರಲ್ಲಿ ಪೋಲಿಷ್ ಭಾಷೆಯ ಧ್ವನಿ ಪರಿವರ್ತನೆಗಳನ್ನು ಲ್ಯಾಟಿನ್ನಿಗೆ ಅನ್ವಯಿಸಿ ವೆನೆದಿಕ್ ಎಂಬ ಭಾಷೆಯನ್ನು ಕಟ್ಟಿದರು.

ಈ ಪ್ರಯೋಗಕ್ಕೆ ಇನ್ನೊಂದು ಮುಖವೂ ಇದೆ. ಡಚ್ ವಿದ್ವಾಂಸ ಪೀಟರ್ ಸ್ಖ್ರೈವರ್ ಅವರ ಮತದಂತೆ, ಐದು-ಆರನೆಯ ಶತಮಾನಗಳಲ್ಲಿ ತಗ್ಗುನಾಡಿನ ಲ್ಯಾಟಿನ್ ಭಾಷಿಕರು ಪಶ್ಚಿಮಕ್ಕೆ ಸರಿದು ಅಲ್ಲಿಯ ಕೆಲ್ಟಿಕ್ ಭಾಷೆಯನ್ನು ಕಲಿತರು. ಕಲಿಯುವಾಗ ತಮ್ಮ ಲ್ಯಾಟಿನ್ನಿನ ಉಚ್ಚಾರಣೆಯನ್ನು ಅದರೊಳಗೆ ಬೆರೆಸಿದರು. ಈ ಮತ ಸರಿಯಾದರೆ ವೆಲ್ಶ್‌ನ ಕೆಲವು ಪರಿವರ್ತನೆಗಳ ಬೇರು ಅಳಿದುಹೋದ ಆ ಲ್ಯಾಟಿನ್ನಿನಲ್ಲಿಯೇ ಇರುತ್ತದೆ. ಭಾಷೆ ಬಿಟ್ಟವರ ನಾಲಗೆ ಭಾಷೆಯೊಡನೆ ಸಾಯುವುದಿಲ್ಲ. ಹೊಸ ಭಾಷೆಯಲ್ಲಿ ಅದು ಬೇರೆ ಹೆಸರಿನಿಂದ ಬಾಳುತ್ತದೆ.

ಕಕಾರದ ಪ್ರಶ್ನೆ

ನಿಯಮಗಳು ಒಂದೇ ಉತ್ತರವನ್ನು ಕೊಡುವವರೆಗೆ ಭಾಷೆ ಕಟ್ಟುವವನಿಗೆ ತೊಡಕಿಲ್ಲ. ಎರಡು ಸಾಕ್ಷ್ಯಗಳು ಬೇರೆ ಬೇರೆ ದಿಕ್ಕಿಗೆ ಕೈತೋರಿದಾಗ ಆಯ್ಕೆ ಅನಿವಾರ್ಯವಾಗುತ್ತದೆ. ಬ್ರಿಥೆನಿಗ್‌ನಲ್ಲಿ ಅಂಥ ಒಂದು ಸ್ಥಳವೆಂದರೆ ಇ, ಎ ಸ್ವರಗಳ ಮುಂದಿನ ಕಕಾರ.

ಆಕಾಶ ಎಂಬರ್ಥದ ಲ್ಯಾಟಿನ್ ಪದದ ಮೊದಲ ವ್ಯಂಜನ ಕಕಾರ. ಎಕಾರದ ಮುಂದೆ ನಾಲಗೆಯು ಅಂಗುಳಿನತ್ತ ಸರಿಯುವುದರಿಂದ ಅದು ಕಾಲಕ್ರಮದಲ್ಲಿ ತಾಲವ್ಯವಾಯಿತು. ಇಟಾಲಿಯನ್ನಿನಲ್ಲಿ ಅದು 'ಚೇಲೊ', ರೊಮೇನಿಯನ್ನಿನಲ್ಲಿ 'ಚೆರ್', ಫ್ರೆಂಚ್‌ನಲ್ಲಿ ಇನ್ನೂ ಮುಂದೆ ಸಾಗಿ 'ಸ್ಯೆಲ್'. ಬ್ರಿಥೆನಿಗ್ ಕೂಡ ಇದೇ ಹಾದಿಯನ್ನು ಹಿಡಿದು ಚಕಾರವನ್ನು ಸ್ವೀಕರಿಸಿದೆ: 'ಚೆಲ್'. ಮೇಲೆ ಹೇಳಿದ ಆದೇಶದಿಂದ ಅದು 'ಲ್ಹೊ ಜೆಲ್' ಆಗುತ್ತದೆ. ಕೇಳಿದ ಕಿವಿಗೆ ಇದು ರೋಮಾನ್ಸ್ ಕುಟುಂಬದ ಸದಸ್ಯನೆಂದು ಕೂಡಲೆ ಅನಿಸುತ್ತದೆ.

ಆದರೆ ವೆಲ್ಶ್‌ನ ಎರವಲು ಪದಗಳು ಬೇರೆಯದನ್ನೇ ಹೇಳುತ್ತವೆ. ಮೇಣ ಎಂಬರ್ಥದ 'ಕೇರ' ವೆಲ್ಶ್‌ನಲ್ಲಿ 'ಕುಯ್ರ್'. ಸಣ್ಣ ಕೋಣೆ ಎಂಬರ್ಥದ 'ಕೆಲ್ಲ' ಅಲ್ಲಿ 'ಕೆಲ್ಹ್'. ಶಿಲುಬೆ ಎಂಬರ್ಥದ 'ಕ್ರುಕೆಮ್' ಅಲ್ಲಿ 'ಕ್ರೋಗ್'. ಒಂದರಲ್ಲಿಯೂ ಚಕಾರವಿಲ್ಲ. ಈ ಪದಗಳು ದ್ವೀಪದ ಕೆಲ್ಟಿಕ್ ಭಾಷಿಕರ ಕಿವಿಗೆ ಬಿದ್ದಾಗ ಅವುಗಳಲ್ಲಿ ಗಟ್ಟಿಯಾದ ಕಕಾರವಿತ್ತು. ಅಂದರೆ ಯಾವ ಭಾಷೆಯ ಮಾದರಿಯ ಮೇಲೆ ಬ್ರಿಥೆನಿಗ್ ನಿಂತಿದೆಯೋ ಅದೇ ಭಾಷೆಯು ಬ್ರಿಟನ್ನಿನ ಲ್ಯಾಟಿನ್ನಿಗೆ ಕಕಾರದ ಸಾಕ್ಷಿಯಾಗಿದೆ. ಎರವಲುಗಳು ನಡೆದ ಶತಮಾನಗಳ ನಂತರ ಈ ಬದಲಾವಣೆ ಆಗಿರಬಹುದು ಎಂಬ ಸಮಾಧಾನ ಸಾಧ್ಯ. ಆದ್ದರಿಂದ ಸ್ಮಿತ್ ಅವರ ಆಯ್ಕೆಯನ್ನು ತಪ್ಪೆನ್ನಲಾಗದು. ಆದರೆ ಅದು ಸಾಕ್ಷ್ಯದಿಂದ ಹುಟ್ಟಿದ ಆಯ್ಕೆಯಲ್ಲ, ಕುಟುಂಬದ ಹೋಲಿಕೆಯಿಂದ ಹುಟ್ಟಿದ ಆಯ್ಕೆ.

ಕುಟುಂಬದ ಹೋಲಿಕೆ ಕೂಡ ಪೂರ್ಣವಾದುದಲ್ಲ. ಸಾರ್ಡಿನಿಯ ದ್ವೀಪದ ಲೊಗುಡೊರೀಸ್ ಮಾತಿನಲ್ಲಿ ಆಕಾಶಕ್ಕೆ ಇಂದಿಗೂ 'ಕೆಲು', ನೂರಕ್ಕೆ 'ಕೆಂತು'. ಲ್ಯಾಟಿನ್ನಿನಿಂದ ಬಾಸ್ಕ್ ಭಾಷೆಗೆ ಹೋದ ಶಾಂತಿ ಎಂಬರ್ಥದ ಪದ ಅಲ್ಲಿ 'ಬಾಕೆ' ಎಂದು ಕಕಾರವನ್ನು ಉಳಿಸಿಕೊಂಡಿದೆ. ರೋಮಾನ್ಸ್ ಎನಿಸಿಕೊಳ್ಳಲು ಚಕಾರ ಬೇಕೇಬೇಕೆಂಬ ನಿಯಮವಿಲ್ಲ. ದೊಡ್ಡ ಭಾಷೆಗಳೆಲ್ಲ ಒಂದು ಕಡೆ ಇರುವುದರಿಂದ ಅದೇ ನಿಯಮವೆಂದು ತೋರುತ್ತದೆ, ಅಷ್ಟೆ.

ಕ್ರ್ಕ್ ದ್ವೀಪದ ಕೊನೆಯ ಬಾಯಿ

ನಿಜವಾಗಿ ಬಾಳಿ ಅಳಿದ ಒಂದು ರೋಮಾನ್ಸ್ ಭಾಷೆಯನ್ನು ಬ್ರಿಥೆನಿಗ್‌ನ ಪಕ್ಕದಲ್ಲಿ ಇಟ್ಟು ನೋಡಿದರೆ ಈ ವ್ಯತ್ಯಾಸದ ಬೆಲೆ ತಿಳಿಯುತ್ತದೆ. ಆಡ್ರಿಯಾಟಿಕ್ ಸಮುದ್ರದ ಪೂರ್ವ ತೀರದಲ್ಲಿ ಡಾಲ್ಮೇಷಿಯನ್ ಎಂಬ ಭಾಷೆ ಇತ್ತು. ಅದರ ಕೊನೆಯ ನೆಲೆ ಇಂದಿನ ಕ್ರೊಯೇಷಿಯಾಕ್ಕೆ ಸೇರಿದ, ಇಟಾಲಿಯನ್ನರು ವೆಲ್ಯಾ ಎಂದು ಕರೆಯುವ ಕ್ರ್ಕ್ ದ್ವೀಪ. 1897ರಲ್ಲಿ ಭಾಷಾವಿಜ್ಞಾನಿ ಮತ್ತೇಯೊ ಬಾರ್ತೊಲಿ ಅಲ್ಲಿಗೆ ಹೋದಾಗ ಆ ಭಾಷೆಯನ್ನು ಬಲ್ಲವನಾಗಿ ದೊರೆತವನು ತುಯೋನೆ ಉದಾಯ್ನ ಎಂಬ ಒಬ್ಬನೇ ವೃದ್ಧ. ಅವನು ಅದನ್ನು ಕಲಿತದ್ದು ಮನೆಯ ಹಿರಿಯರು ತಮ್ಮೊಳಗೆ ಆಡುತ್ತಿದ್ದುದನ್ನು ಕೇಳಿ. ಆಡಲು ಜೊತೆಗಾರರಿಲ್ಲದೆ ಸುಮಾರು ಇಪ್ಪತ್ತು ವರ್ಷ ಕಳೆದಿತ್ತು. ಅವನ ಕಿವಿ ಮಂದವಾಗಿತ್ತು, ಹಲ್ಲುಗಳು ಬಿದ್ದುಹೋಗಿದ್ದವು. ಮರುವರ್ಷ, 1898ರ ಜೂನ್ 10ರಂದು, ರಸ್ತೆ ಕೆಲಸದ ಸಿಡಿಮದ್ದಿನ ಸ್ಫೋಟದಲ್ಲಿ ಅವನು ಸತ್ತ. ಬಾರ್ತೊಲಿಯ ಗ್ರಂಥ 1906ರಲ್ಲಿ ವಿಯೆನ್ನಾದಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು.

ಹಲ್ಲಿಲ್ಲದ ಬಾಯಿಂದ ಕೇಳಿ ಬರೆದುಕೊಂಡ ದಂತ್ಯ ಧ್ವನಿಗಳನ್ನು ಎಷ್ಟರಮಟ್ಟಿಗೆ ನಂಬಬಹುದು? ಇಪ್ಪತ್ತು ವರ್ಷದ ಮೌನದಲ್ಲಿ ಯಾವ ಸ್ವರ ಜಾರಿತು, ಯಾವುದು ನೆರೆಯ ಇಟಾಲಿಯನ್ನಿನಿಂದ ಬಂದು ಸೇರಿತು? ಈ ಸಂದೇಹಗಳು ಆ ದಾಖಲೆಯನ್ನು ಎಂದಿಗೂ ಬಿಡವು. ಕಲ್ಪಿತ ಬ್ರಿಥೆನಿಗ್‌ನ ಧ್ವನಿಪಟ್ಟಿ ತುಂಬಿದೆ, ಒಪ್ಪವಾಗಿದೆ. ನಿಜವಾದ ಡಾಲ್ಮೇಷಿಯನ್ನಿನ ಪಟ್ಟಿ ಮುಕ್ಕಾಗಿದೆ. ಆದರೂ ಆ ಮುಕ್ಕಾದ ಪಟ್ಟಿಯಲ್ಲಿ ಯಾವ ನಿಯಮವೂ ಮುಂಗಾಣಲಾಗದ ಒಂದು ಸಂಗತಿ ಇದೆ. ಉದಾಯ್ನನ ಮಾತಿನಲ್ಲಿ ಇಕಾರದ ಮುಂದಿನ ಕಕಾರ ಚಕಾರವಾಗಿತ್ತು. ಎಕಾರದ ಮುಂದಿನ ಕಕಾರ ಹಾಗೆಯೇ ಉಳಿದಿತ್ತು. ರಾತ್ರಿಯೂಟ ಎಂಬರ್ಥದ ಪದ ಇಟಾಲಿಯನ್ನಿನಲ್ಲಿ 'ಚೇನ'. ಅವನ ಬಾಯಲ್ಲಿ 'ಕಾಯ್ನ'. ನೆರೆಯ ಇಟಾಲಿಯನ್ನಿನ ನಿಯಮವನ್ನಾಗಲಿ, ಸಾರ್ಡಿನಿಯನ್ನಿನ ನಿಯಮವನ್ನಾಗಲಿ ಹಿಡಿದು ಡಾಲ್ಮೇಷಿಯನ್ ಭಾಷೆಯನ್ನು ಕಲ್ಪಿಸಲು ಹೊರಟವರಿಗೆ ಈ ಅರ್ಧ ಬದಲಾವಣೆ ಹೊಳೆಯುತ್ತಿರಲಿಲ್ಲ. ಅದನ್ನು ತಿಳಿಸಲು ಒಬ್ಬ ಮನುಷ್ಯ ಬೇಕಾಗಿತ್ತು.

ಕಿವಿಯ ಮಾತು

ಲ್ಯಾಟಿನ್ನಿನ ಕಕಾರದ ಈ ಕಥೆ ದ್ರಾವಿಡ ಭಾಷೆಗಳಲ್ಲಿಯೂ ನಡೆದಿದೆ. ಮೂಲದ್ರಾವಿಡದ ಪದಾದಿಯ ಕಕಾರವು ಇ, ಎ ಸ್ವರಗಳ ಮುಂದೆ ತಮಿಳು, ಮಲಯಾಳ, ತೆಲುಗುಗಳಲ್ಲಿ ಚಕಾರವಾಯಿತು, ಕನ್ನಡದಲ್ಲಿ ಆಗಲಿಲ್ಲ. ಅವರಿಗೆ 'ಚೆವಿ', ಕನ್ನಡಕ್ಕೆ 'ಕಿವಿ'. ತಮಿಳಿನ 'ಚೆಯ್', ತೆಲುಗಿನ 'ಚೇಯು' ಹಳಗನ್ನಡದಲ್ಲಿ 'ಗೆಯ್'. ತೆಲುಗಿನ 'ಚೆರುವು' ಕನ್ನಡದ 'ಕೆರೆ'. ತುಳುವೂ 'ಕೆಬಿ' ಎಂದು ಕನ್ನಡದ ಕಡೆಗೇ ನಿಂತಿದೆ. ಟಿ. ಬರೋ 1943ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಪದಾದಿಯ ಕಕಾರದ ಈ ಬೆಳವಣಿಗೆಯನ್ನು ವಿವರವಾಗಿ ಚರ್ಚಿಸಿದರು. ತಮಿಳಿನಲ್ಲಿ ಕೂಡ ನಿಯಮಕ್ಕೆ ಎಲ್ಲೆ ಇದೆ: 'ಕೆಡು' ಎಂಬಲ್ಲಿ ಮುಂದಿನ ಮೂರ್ಧನ್ಯ ವ್ಯಂಜನ ಕಕಾರವನ್ನು ಕಾಯ್ದಿದೆ, ತೆಲುಗಿನಲ್ಲಿ ಅದೂ 'ಚೆಡು' ಆಗಿದೆ.

ಕನ್ನಡಕ್ಕೆ ಒಬ್ಬ ಭಾಷಿಕನೂ ಒಂದು ಶಾಸನವೂ ಉಳಿದಿರಲಿಲ್ಲ ಎಂದು ಭಾವಿಸೋಣ. ತಮಿಳು, ಮಲಯಾಳ, ತೆಲುಗುಗಳ ಸಮಾನ ನಿಯಮಗಳನ್ನು ಹಿಡಿದು ಒಬ್ಬ ಪಂಡಿತನು ಅವುಗಳ ನಡುವಣ ನಾಡಿನ ಭಾಷೆಯನ್ನು ಕಟ್ಟಲು ಕುಳಿತರೆ, ಮೂರು ಭಾಷೆಗಳ ಬಹುಮತವನ್ನು ಮನ್ನಿಸಿ 'ಚೆವಿ' ಎಂದೇ ಬರೆಯುತ್ತಿದ್ದನು. ಅವನ ತರ್ಕದಲ್ಲಿ ದೋಷವಿರುತ್ತಿರಲಿಲ್ಲ. ಅವನ ಕನ್ನಡ ಮಾತ್ರ ಕನ್ನಡವಾಗಿರುತ್ತಿರಲಿಲ್ಲ.

ಹೊಸೂರಿನ ಕನ್ನಡಿಗನ ನೆರೆಯ ತಮಿಳಿನಲ್ಲಿ 'ಚೆವಿ', ಮಡಕಶಿರಾದವನ ನೆರೆಯ ತೆಲುಗಿನಲ್ಲಿ 'ಚೆವಿ', ಕಾಸರಗೋಡಿನವನ ನೆರೆಯ ಮಲಯಾಳದಲ್ಲಿ 'ಚೆವಿ'. ಅವರ ಕನ್ನಡ ನೆರೆಭಾಷೆಯಿಂದ ಕೆಲವನ್ನು ಪಡೆದಿರುತ್ತದೆ, ಒಳನಾಡಿನ ಕನ್ನಡ ಬಿಟ್ಟುಕೊಟ್ಟ ಕೆಲವನ್ನು ಉಳಿಸಿಕೊಂಡಿರುತ್ತದೆ. ಯಾವುದನ್ನು ಪಡೆದಿದೆ, ಯಾವುದನ್ನು ಉಳಿಸಿಕೊಂಡಿದೆ ಎಂಬುದನ್ನು ನೆರೆಭಾಷೆಯ ನಿಯಮದಿಂದಾಗಲಿ ಶಿಷ್ಟ ಕನ್ನಡದ ನಿಯಮದಿಂದಾಗಲಿ ಊಹಿಸಲು ಬರುವುದಿಲ್ಲ. ಬ್ರಿಥೆನಿಗ್ ತನ್ನ ಅಚ್ಚುಕಟ್ಟಿನಿಂದಲೇ ಕಲಿಸುವ ಪಾಠ ಇದು. ನಿಯಮಗಳೆಲ್ಲ ಆಡುವವರ ಬಾಯಿಂದ ಬಂದವು. ಆ ನಿಯಮಗಳಿಂದ ಒಂದು ಭಾಷೆಯನ್ನು ಕಟ್ಟಬಹುದು, ಆದರೆ ನಿಯಮ ಎಲ್ಲಿ ನಿಂತಿತು ಎಂಬುದನ್ನು ಆಡುವವರೇ ಹೇಳಬೇಕು. ಬಾರ್ತೊಲಿಗೆ ದೊರೆತದ್ದು ಒಬ್ಬನೇ ಮುದುಕ, ಒಂದೇ ವರ್ಷದ ಅವಕಾಶ. ಗಡಿನಾಡಿನ ಕನ್ನಡಗಳನ್ನು ಆಡುವವರು ಇಂದು ಮನೆಮನೆಗಳಲ್ಲಿದ್ದಾರೆ. ಅವರ ಮಾತಿನ ಕಕಾರಗಳನ್ನು ಕೇಳಿ ಬರೆದಿಡುವ ಕೆಲಸಕ್ಕೆ ಈಗ ಸಮಯವಿದೆ.